ಹೊಸ್ತಿಲಾಚೆಯ ಹುಲ್ಲು

ಗಂಡಸೊಬ್ಬ ಮನೆಯ ಮುಂದಿನ ಹುಲ್ಲಿಗೆ ನೀರು ಬಿಡುತ್ತಿದ್ದಾನೆ. ಆಕಾಶ ನೀಲಿ, ಬೇಲಿ ಬಿಳಿ, ಬೇಲಿಗೊರಗಿದ ಗುಲಾಬಿ ಕೆಂಪು. ಬೆಂಕಿ ಆರಿಸುವ ಲಾರಿಯೊಂದು ಮೆಲ್ಲಗೆ ಸಾಗುತ್ತದೆ, ಅದರ ಪಕ್ಕೆಯಲ್ಲಿ ನಿಂತವನು ನಮ್ಮತ್ತ ಕೈಬೀಸುತ್ತಾನೆ. ನೀರಿನ ಪೈಪು ಗಿಡವೊಂದಕ್ಕೆ ಸಿಕ್ಕಿ ಮಡಚಿಕೊಂಡಿದೆ. ಅದನ್ನು ಎಳೆಯುತ್ತಿದ್ದ ಮನುಷ್ಯ ಥಟ್ಟನೆ ಕುತ್ತಿಗೆ ಹಿಡಿದುಕೊಂಡು ನೆಲಕ್ಕೆ ಬೀಳುತ್ತಾನೆ. ಪೈಪು ಇನ್ನೂ ಕೈಯಲ್ಲೇ ಇದೆ, ನೀರು ಚಿಮ್ಮುತ್ತಲೇ ಇದೆ, ಎಲ್ಲಿಂದಲೋ ಬಂದ ನಾಯಿ ಆ ನೀರಿಗೆ ಬಾಯಿ ಹಾಕಿ ಆಡುತ್ತಿದೆ. ಕ್ಯಾಮೆರಾ ಬಿದ್ದವನನ್ನು ಅಲ್ಲೇ ಬಿಟ್ಟು ಹುಲ್ಲಿನ ಬುಡಕ್ಕೆ ಇಳಿಯುತ್ತದೆ. ಅಲ್ಲಿ ಕತ್ತಲು. ಕಪ್ಪು ಜೀರುಂಡೆಗಳು ಒಂದರ ಮೇಲೊಂದು ಹತ್ತಿ ಕಚ್ಚಾಡುವ ಸದ್ದು.

ಡೇವಿಡ್ ಲಿಂಚ್ 1986ರಲ್ಲಿ ಮಾಡಿದ ‘ಬ್ಲೂ ವೆಲ್ವೆಟ್’ ಶುರುವಾಗುವುದು ಹೀಗೆ. ಬಿದ್ದವನ ಮಗನಿಗೆ ಸ್ವಲ್ಪ ಹೊತ್ತಿನಲ್ಲೇ ಬಯಲಿನಲ್ಲಿ ಮನುಷ್ಯನ ಕತ್ತರಿಸಿದ ಕಿವಿಯೊಂದು ಸಿಗುತ್ತದೆ, ಇರುವೆ ಮುತ್ತಿದ ಕಿವಿ. ಅದರ ಬೆನ್ನು ಹತ್ತಿದ ಹುಡುಗ ಎಲ್ಲೆಲ್ಲಿಗೆ ಹೋದ ಎಂಬ ಕಥೆ ಇಲ್ಲಿ ಬೇಡ. ಆ ಮೊದಲ ಕೆಲವು ನಿಮಿಷಗಳೇ ಮುಂದಿನ ಎಷ್ಟೋ ಸಿನಿಮಾಗಳಿಗೆ ವ್ಯಾಕರಣವಾದವು. ಮೇಲೆ ಹಸಿರು, ಕೆಳಗೆ ಹುಳ.

ಮೊದಲ ಸಲ ನೋಡಿದಾಗ ನಾನೂ ಬೆಚ್ಚಿದ್ದೆ. ಆಮೇಲೆ ಯೋಚನೆಯಾಯಿತು: ಹುಲ್ಲಿನ ಬುಡದಲ್ಲಿ ಹುಳ ಇರುವುದರಲ್ಲಿ ಬೆಚ್ಚುವಂಥದ್ದೇನಿದೆ? ತೋಟದಲ್ಲಿ ಕಳೆ ಕಿತ್ತವರಿಗೆ, ಗೊಬ್ಬರದ ಗುಂಡಿ ಕೆದಕಿದವರಿಗೆ ಅದು ಸುದ್ದಿಯೇ ಅಲ್ಲ. ಹುಳವೇ ಇಲ್ಲದ ಮಣ್ಣು ಕಂಡರೆ ಅಲ್ಲವೇ ಹೆದರಬೇಕಾದ್ದು? ಲಿಂಚ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಅವನ ತಂದೆ ಅಮೆರಿಕದ ಕೃಷಿ ಇಲಾಖೆಯಲ್ಲಿ ವಿಜ್ಞಾನಿಯಾಗಿದ್ದವರು. ಹುಲ್ಲಿನೊಳಗೆ ಇಳಿಯುವ ಆ ಕ್ಯಾಮೆರಾದಲ್ಲಿ ಅಸಹ್ಯಕ್ಕಿಂತ ಹೆಚ್ಚಾಗಿ ಮಕ್ಕಳ ಕುತೂಹಲವಿದೆ. ಚಿತ್ರದ ಕೊನೆಯಲ್ಲಿ ರಾಬಿನ್ ಹಕ್ಕಿಯೊಂದು ಕಿಟಕಿಯ ಮೇಲೆ ಬಂದು ಕೂರುತ್ತದೆ, ಒಳಗಿನವರಿಗೆ ಅದು ಪ್ರೀತಿಯ ದೂತ. ಹಕ್ಕಿಯ ಕೊಕ್ಕಿನಲ್ಲಿ ಹುಳ ಮಿಸುಕುತ್ತಿದೆ. ನಾನಂತೂ ಹುಳ ತಿನ್ನಲಾರೆ ಎನ್ನುತ್ತಾ ಮನೆಯ ದೊಡ್ಡಮ್ಮ ತನ್ನ ಬಾಯಿಗೆ ಏನನ್ನೋ ಹಾಕಿಕೊಳ್ಳುತ್ತಾಳೆ. ಹಕ್ಕಿಯೋ, ನೋಡಿದರೇ ತಿಳಿಯುವಂತೆ ಯಂತ್ರದ ಗೊಂಬೆ. ಹುಳ ಇದೆ ಎನ್ನುವುದು ಈ ಸಿನಿಮಾದ ಭಯವಲ್ಲ. ಇಲ್ಲವೆಂದು ನಂಬಿ ಸುಖವಾಗಿರುವವರ ಮುಖ ಅದರ ಭಯ.

ಹೊಸ್ತಿಲಲ್ಲಿ ಹುಲ್ಲು ಎಂದರೆ ಕನ್ನಡ ಓದಿದವರಿಗೆ ಬಸವಣ್ಣನವರ ಒಂದು ವಚನ ನೆನಪಾಗದೆ ಇರದು. ಅಲ್ಲಿ ಬಾಗಿಲ ಬಳಿ ಎದ್ದ ಹುಲ್ಲು, ಒಳಗೆ ಕೂತ ಧೂಳು, ಇವೆರಡೂ ಯಜಮಾನನ ಇರವಿನ ಬಗ್ಗೆಯೇ ಶಂಕೆ ಹುಟ್ಟಿಸುವ ಗುರುತುಗಳು. ಅಮೆರಿಕದ ಸಬರ್ಬ್ ಇದೇ ಲೆಕ್ಕವನ್ನು ಹಿಂದುಮುಂದು ಮಾಡಿಕೊಂಡಿತು. ಅಲ್ಲಿ ಹುಲ್ಲು ಇರಲೇಬೇಕು, ಅಳತೆಗೆ ಕತ್ತರಿಸಿರಬೇಕು, ಯಜಮಾನ ಒಳಗಿದ್ದಾನೆ ಎಂದು ಬೀದಿಗೆ ಸಾಕ್ಷಿ ಹೇಳುತ್ತಿರಬೇಕು. ಸಾಕ್ಷಿ ಎಷ್ಟು ಪಕ್ಕಾ ಆಯಿತೋ ಯಜಮಾನನಿಗೆ ತಾನು ಇದ್ದೇನೋ ಇಲ್ಲವೋ ಎಂಬ ಅನುಮಾನ ಅಷ್ಟೇ ಹೆಚ್ಚಾಯಿತು. ನಾನು ನೋಡಿದ ಈ ಬಗೆಯ ಒಳ್ಳೆಯ ಸಿನಿಮಾಗಳೆಲ್ಲ ಆ ಅನುಮಾನದ ಸಿನಿಮಾಗಳು.

ಸಬರ್ಬ್ ಎಂಬುದಕ್ಕೆ ನಿಘಂಟು ‘ಉಪನಗರ’ ಎನ್ನುತ್ತದೆ. ಆದರೆ ಉಪನಗರ ಎಂದೊಡನೆ ನನ್ನ ಕಣ್ಣಿಗೆ ಬರುವುದು ಕೆಂಗೇರಿ ಉಪನಗರದ ಬಸ್ಸಿನ ಬೋರ್ಡು, ದರ್ಶಿನಿಯ ಮುಂದೆ ನಿಂತು ಕಾಫಿ ಕುಡಿಯುವ ಜನ, ಮೂಲೆಯ ಗಣಪತಿ ಗುಡಿ. ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿ ಆರು ತಿಂಗಳಿದ್ದಾಗ ಆ ಪದ ಅಲ್ಲಿಗೆ ಒಪ್ಪುವುದಿಲ್ಲ ಎನಿಸಿತು. ನಗರದ ಪಕ್ಕದಲ್ಲಿದೆ ನಿಜ, ನಗರದ ಗುಣ ಒಂದೂ ಇಲ್ಲ. ಹಳ್ಳಿಯ ಹಾಗೆ ಮರಗಳಿವೆ, ಹಳ್ಳಿಯ ಜಗಲಿ ಇಲ್ಲ. ಜಗಲಿ ಎಂದರೆ ಮನೆ ತನ್ನ ಒಂದು ತುಂಡನ್ನು ಬೀದಿಗೆ ಬಿಟ್ಟುಕೊಟ್ಟ ಜಾಗ, ಯಾರು ಬೇಕಾದರೂ ಬಂದು ಕೂರಬಹುದು. (ಯಾರು ಬೇಕಾದರೂ ಎಂದು ಬರೆದ ಕೈ ಸ್ವಲ್ಪ ತಡೆಯಿತು. ನಮ್ಮೂರ ಜಗಲಿಗಳ ಮೇಲೆ ಯಾರು ಕೂರಬಹುದಿತ್ತು, ಯಾರು ಕೆಳಗೆ ನಿಲ್ಲಬೇಕಿತ್ತು ಎಂಬುದು ನನಗೆ ಮರೆತಿಲ್ಲ.) ಅಲ್ಲಿ ಜಗಲಿಯ ಜಾಗದಲ್ಲಿ ಹುಲ್ಲು. ಆರು ತಿಂಗಳಲ್ಲಿ ಆ ಹುಲ್ಲಿನ ಮೇಲೆ ಒಬ್ಬರೂ ಕೂತಿದ್ದನ್ನು ನಾನು ಕಾಣಲಿಲ್ಲ. ಶನಿವಾರ ಬೆಳಿಗ್ಗೆ ಒಂದರ ಹಿಂದೊಂದು ಯಂತ್ರಗಳು ಗುರ್ರೆನ್ನುತ್ತಿದ್ದವು, ಹುಲ್ಲು ಕತ್ತರಿಸುವವರು ಹೋದ ಮೇಲೆ ಮತ್ತೆ ಮೌನ. ಒಂದು ವಾರ ಮಳೆಯೆಂದು ಕತ್ತರಿಸುವುದು ತಪ್ಪಿತು. ಮನೆಮಾಲೀಕರ ಸಂಘದಿಂದ ಕಾಗದ ಬಂತು: ಹುಲ್ಲು ಎತ್ತರವಾಗಿದೆ, ಜೊತೆಗೆ ಹಿಂದಿನ ಕಟಕಟೆಯ ಮೇಲೆ ಬಟ್ಟೆ ಒಣಹಾಕಲಾಗಿದೆ. ಆ ಬಟ್ಟೆ ನನ್ನ ಪಂಚೆ. ಅಳಿಯ ನಕ್ಕು ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ, ಮಗಳು ಪಂಚೆಯನ್ನು ಡ್ರೈಯರಿಗೆ ಹಾಕಿದಳು.

ಈ ನಿಯಮಕ್ಕೊಂದು ವಂಶಾವಳಿ ಇದೆ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಮನೆಗಳು ಸಾಲದಾಗಿದ್ದವು. ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳನ್ನು ಕೊಂಡು ವಿಲಿಯಂ ಲೆವಿಟ್ ಎಂಬ ಬಿಲ್ಡರ್ 1947ರಿಂದ 1951ರ ಒಳಗೆ 17,447 ಮನೆಗಳನ್ನು ಎಬ್ಬಿಸಿದ. ಕಾರು ತಯಾರಿಸುವ ಕ್ರಮವನ್ನೇ ಮನೆಗೆ ತಂದಿದ್ದ, ವ್ಯತ್ಯಾಸವಿಷ್ಟೇ, ಇಲ್ಲಿ ವಸ್ತು ನಿಂತಲ್ಲೇ ಇರುತ್ತದೆ, ಕೆಲಸಗಾರ ಮುಂದಕ್ಕೆ ಹೋಗುತ್ತಾನೆ. ಮನೆ ಕಟ್ಟುವುದನ್ನು 27 ಹಂತಗಳಾಗಿ ಒಡೆದಿದ್ದ. ಒಂದು ತಂಡ ಬಿಳಿ ಬಣ್ಣ ಬಳಿದು ಮುಂದಿನ ಮನೆಗೆ ಹೋದರೆ ಇನ್ನೊಂದು ತಂಡ ಕೆಂಪು ಬಣ್ಣದೊಂದಿಗೆ ಬರುತ್ತಿತ್ತು. ಕೆಲಸ ಭರದಿಂದ ಸಾಗುವಾಗ ದಿನಕ್ಕೆ 30 ಮನೆ ಮುಗಿಯುತ್ತಿದ್ದವು. ಸರ್ಕಾರದ ಸಾಲದ ಭರವಸೆ ಬೆನ್ನಿಗಿತ್ತು. ಊರಿಗೆ ತನ್ನದೇ ಹೆಸರಿಟ್ಟ, ಲೆವಿಟ್‌ಟೌನ್. ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕು, ಬೇಲಿ ಹಾಕಕೂಡದು, ಹಗ್ಗ ಕಟ್ಟಿ ಬಟ್ಟೆ ಒಣಗಿಸಕೂಡದು. ಕರಾರಿನಲ್ಲಿ ಇನ್ನೂ ಒಂದು ಷರತ್ತಿತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಸಿನಿಮಾಗಳು ಕೂಡ ಅದಕ್ಕೆ ಬಹಳ ತಡವಾಗಿಯೇ ಬಂದವು.

ಎಲ್ಲರ ಮನೆ ದೋಸೆಯೂ ತೂತು ಎಂಬ ಗಾದೆಯನ್ನು ಅಮೆರಿಕದ ನಿರ್ದೇಶಕರು ಕೇಳಿರಲಾರರು, ಆದರೆ ಐವತ್ತು ವರ್ಷ ಅದನ್ನೇ ತಿರುತಿರುಗಿ ಚಿತ್ರಿಸಿದರು. ಹಾಗೆ ನೋಡಿದರೆ ‘ಅಮೆರಿಕದ ನಿರ್ದೇಶಕರು’ ಎನ್ನುವುದೂ ಪೂರ್ತಿ ಸರಿಯಲ್ಲ. ‘ಆಲ್ ದಟ್ ಹೆವನ್ ಅಲೌಸ್’ ಮಾಡಿದ ಡಗ್ಲಸ್ ಸರ್ಕ್ ಯಹೂದಿ ಹೆಂಡತಿಯ ಜೊತೆ ನಾಜಿ ಜರ್ಮನಿ ಬಿಟ್ಟು ಬಂದವನು. ‘ದಿ ಐಸ್ ಸ್ಟಾರ್ಮ್’ ಮಾಡಿದ ಆಂಗ್ ಲೀ ತೈವಾನಿನವನು. ‘ಅಮೆರಿಕನ್ ಬ್ಯೂಟಿ’, ‘ರೆವಲ್ಯೂಷನರಿ ರೋಡ್’ ಮಾಡಿದ ಸ್ಯಾಮ್ ಮೆಂಡೆಸ್ ಇಂಗ್ಲೆಂಡಿನವನು. ಪಕ್ಕದ ಮನೆಯ ದೋಸೆಯ ತೂತು ನೆಂಟರಿಗೆ ಬೇಗ ಕಾಣುತ್ತದೆ.

ಸರ್ಕ್‌ನ ಸಿನಿಮಾ 1955ರದು. ಗಂಡ ಸತ್ತ, ನಡುವಯಸ್ಸಿನ, ಅನುಕೂಲಸ್ಥ ಹೆಂಗಸು ತನಗಿಂತ ಚಿಕ್ಕವನಾದ ತೋಟಗಾರನನ್ನು ಪ್ರೀತಿಸುತ್ತಾಳೆ. ಊರು ಆಡಿಕೊಳ್ಳುತ್ತದೆ. ಬೆಳೆದ ಮಕ್ಕಳು ಮುಖ ತಿರುಗಿಸುತ್ತಾರೆ. ಮಕ್ಕಳಿಗಾಗಿ ಅವಳು ಅವನನ್ನು ಬಿಡುತ್ತಾಳೆ. ಬಿಟ್ಟ ಮೇಲೆ ಮಕ್ಕಳು ತಮ್ಮ ತಮ್ಮ ದಾರಿ ನೋಡಿಕೊಂಡು, ಹಬ್ಬಕ್ಕೆ ಅಮ್ಮನಿಗೊಂದು ಉಡುಗೊರೆ ತರುತ್ತಾರೆ: ಟಿವಿ ಪೆಟ್ಟಿಗೆ. ಗುಂಡಿ ತಿರುಗಿಸಿದರೆ ಇಡೀ ಲೋಕ ನಿಮ್ಮ ಮುಂದೆ ಎಂದು ಅಂಗಡಿಯವನು ವಿವರಿಸುತ್ತಿರುವಾಗ ಆರಿದ ಗಾಜಿನ ಮೇಲೆ ಕಾಣುವುದು ಅವಳದೇ ಮುಖ, ಪೆಟ್ಟಿಗೆಯ ಚೌಕಟ್ಟಿನೊಳಗೆ. ಕೊಲೆಯಿಲ್ಲ, ರಕ್ತವಿಲ್ಲ, ಕಿವಿ ಕತ್ತರಿಸಿಲ್ಲ. ಮುಂದೆ ಬಂದ ಎಷ್ಟೋ ರಕ್ತಸಿಕ್ತ ಚಿತ್ರಗಳಿಗಿಂತ ಈ ಟಿವಿ ಹೆಚ್ಚು ಕತ್ತಲೆಯದು ಎಂಬುದು ನನ್ನ ಅನಿಸಿಕೆ. ಮಕ್ಕಳು ಕೆಟ್ಟವರಲ್ಲ, ಅಮ್ಮನಿಗೆ ಬೇಜಾರಾಗದಿರಲಿ ಎಂದೇ ತಂದದ್ದು. ವರ್ಷಕ್ಕೊಮ್ಮೆ ಬರುವ ಮಕ್ಕಳು ತಂದುಕೊಟ್ಟ ದೊಡ್ಡ ಪರದೆಯ ಎದುರು ಕೂತ ಅಪ್ಪ ಅಮ್ಮಂದಿರು ಮಲ್ಲೇಶ್ವರದಲ್ಲೂ ಮೈಸೂರಿನ ಸರಸ್ವತಿಪುರಂನಲ್ಲೂ ಇದ್ದಾರೆ.

‘ಅಮೆರಿಕನ್ ಬ್ಯೂಟಿ’ 1999ರಲ್ಲಿ ಬಂದಾಗ ನಾವೆಲ್ಲ ಮಾರುಹೋಗಿದ್ದೆವು. ಶ್ರೇಷ್ಠ ಚಿತ್ರವೂ ಸೇರಿ ಐದು ಆಸ್ಕರ್ ಬಂತು. ಗಾಳಿಗೆ ಕುಣಿಯುವ ಪ್ಲಾಸ್ಟಿಕ್ ಚೀಲದಲ್ಲಿ ಸೌಂದರ್ಯ ಕಂಡು ಹುಡುಗ ಕಣ್ಣೀರಾಗುವ ದೃಶ್ಯದ ಬಗ್ಗೆ ಗೆಳೆಯರ ನಡುವೆ ಗಂಟೆಗಟ್ಟಲೆ ಮಾತು. ಈಚೆಗೆ ಮತ್ತೆ ನೋಡಿದೆ. ಚೀಲ ಚೀಲವಾಗಿಯೇ ಕಂಡಿತು. ಉಳಿದದ್ದು ಸೋಫಾ. ಎಷ್ಟೋ ಕಾಲದ ಮೇಲೆ ಗಂಡ ಹೆಂಡಿರ ಮುಖ ಹತ್ತಿರ ಬಂದಿದೆ, ಇನ್ನೇನು ಮುತ್ತಿಡಬೇಕು, ಅಷ್ಟರಲ್ಲಿ ಹೆಂಡತಿಯ ಕಣ್ಣು ಅವನ ಕೈಯ ಬಿಯರ್ ಬಾಟಲಿಯ ಮೇಲೆ ಹೋಗುತ್ತದೆ. ಸೋಫಾದ ಮೇಲೆ ಚೆಲ್ಲೀತು! ಸೋಫಾ ಉಳಿಯಿತು, ಮುತ್ತು ಹೋಯಿತು. ಟಾಡ್ ಹೇನ್ಸ್‌ನ ‘ಸೇಫ್’ (1995) ಚಿತ್ರದಲ್ಲೂ ಒಂದು ಸೋಫಾ ಇದೆ. ಗೃಹಿಣಿಯ ಜೀವನದ ದೊಡ್ಡ ಆಘಾತವೆಂದರೆ ತಾನು ಹೇಳಿದ್ದ ಬಣ್ಣ ಬಿಟ್ಟು ಅಂಗಡಿಯವರು ಕಪ್ಪು ಸೋಫಾ ಕಳಿಸಿದ್ದು. ಆಮೇಲೆ ಅವಳಿಗೆ ಪೌಡರು, ಹೊಗೆ, ಪರ್ಮ್ ಮಾಡಿಸಿದ ಕೂದಲಿನ ರಸಾಯನ, ಒಂದೊಂದೇ ಒಗ್ಗದೆ ಹೋಗಿ, ಕೊನೆಗೆ ಜಗತ್ತೇ ಒಗ್ಗುವುದಿಲ್ಲ. ಅವಳಿಗೆ ನಿಜಕ್ಕೂ ಏನು ಕಾಯಿಲೆ ಎಂದು ಸಿನಿಮಾ ಹೇಳುವುದೇ ಇಲ್ಲ. ಕಾಯಿಲೆಗೆ ಹೆಸರಿಡದ ಆ ಸಂಯಮ ಮೆಂಡೆಸ್‌ನಲ್ಲಿ ಇಲ್ಲ.

ಆದರೆ ‘ರೆವಲ್ಯೂಷನರಿ ರೋಡ್’ (2008) ಕೊನೆಯ ದೃಶ್ಯಕ್ಕಾಗಿ ಮೆಂಡೆಸ್‌ಗೆ ಕೈಮುಗಿಯುತ್ತೇನೆ. ಪ್ಯಾರಿಸ್‌ಗೆ ಹೋಗಿ ಬೇರೆಯೇ ಬದುಕುತ್ತೇವೆ ಎಂದುಕೊಂಡಿದ್ದ ಗಂಡ ಹೆಂಡತಿ ಒಡೆದುಹೋಗಿದ್ದಾರೆ, ಹೆಂಡತಿ ಸತ್ತಿದ್ದಾಳೆ. ಅವರಿಗೆ ಮನೆ ಕೊಡಿಸಿದ್ದ ಹೆಂಗಸು ತನ್ನ ಮುದಿ ಗಂಡನ ಮುಂದೆ ಕೂತು ಆ ದಂಪತಿಯ ಬಗ್ಗೆ, ಅವರು ಮನೆಯನ್ನು ಹೇಗೆ ಹಾಳುಗೆಡವಿದರು ಎಂಬುದರ ಬಗ್ಗೆ ಮಾತಾಡುತ್ತಲೇ ಇರುತ್ತಾಳೆ. ಅವನು ಅವಳ ಮುಖವನ್ನೇ ನೋಡುತ್ತಾ ಕಿವಿಯ ಯಂತ್ರದ ಸದ್ದನ್ನು ಮೆಲ್ಲಗೆ ತಗ್ಗಿಸುತ್ತಾನೆ. ಬಾಯಿ ಆಡುತ್ತಿದೆ, ಮಾತು ಕೇಳಿಸದು. ಲಿಂಚ್‌ನ ಕತ್ತರಿಸಿದ ಕಿವಿಗೂ ಈ ಆರಿಸಿದ ಕಿವಿಗೂ ನೆಂಟಸ್ತಿಕೆ ಇದೆ ಎಂದು ನನಗನ್ನಿಸುವುದುಂಟು.

ಮತ್ತೆ ಯಜಮಾನನ ಪ್ರಶ್ನೆ. ಜಾನ್ ಚೀವರ್ ಕಥೆಯನ್ನು ಆಧರಿಸಿದ ‘ದಿ ಸ್ವಿಮ್ಮರ್’ (1968) ಚಿತ್ರದಲ್ಲಿ ಕನೆಕ್ಟಿಕಟ್‌ನ ಸುಖೀ ಗಂಡಸೊಬ್ಬ, ಬರ್ಟ್ ಲ್ಯಾಂಕಾಸ್ಟರ್, ಬೇಸಿಗೆಯ ಒಂದು ಬೆಳಿಗ್ಗೆ ಚಡ್ಡಿಯಲ್ಲೇ ಗೆಳೆಯರ ಮನೆಗೆ ಬಂದವನು ಒಂದು ಹುಡುಗಾಟದ ಪಣ ತೊಡುತ್ತಾನೆ: ನೆರೆಹೊರೆಯವರ ಈಜುಕೊಳಗಳನ್ನೆಲ್ಲ ಒಂದು ಹೊಳೆಯೆಂದು ಭಾವಿಸಿ ಈಜುತ್ತಲೇ ಮನೆ ಸೇರುತ್ತೇನೆ. ಹೊಳೆಗೆ ಹೆಂಡತಿಯ ಹೆಸರಿಡುತ್ತಾನೆ. ಮೊದಲ ಕೊಳಗಳಲ್ಲಿ ನಗು, ಪಾನೀಯ. ಮುಂದೆ ಮುಂದೆ ಮುಖಗಳು ಬಿಗಿಯುತ್ತವೆ, ಸಾಲದ ಮಾತು ಬರುತ್ತದೆ, ಸಾರ್ವಜನಿಕ ಕೊಳದ ಬಾಗಿಲಲ್ಲಿ ಬಿಡಿಗಾಸಿಗೂ ಪರದಾಡುತ್ತಾನೆ. ಕೊನೆಗೆ ಮಳೆಯಲ್ಲಿ ನಡುಗುತ್ತಾ ಮನೆಗೆ ಬಂದರೆ ಅಂಗಳದ ತುಂಬ ಕಳೆ, ಬಾಗಿಲಿಗೆ ಬೀಗ, ಒಳಗೆ ಬರಿದು. ಎಂದೋ ಕಳೆದುಹೋದ ಮನೆಗೆ ಅವನು ಈಜಿಕೊಂಡು ಬಂದಿದ್ದಾನೆ. ಹುಲ್ಲು ಎದ್ದ ಮನೆ, ಬಾಗಿಲ ಹೊರಗೆ ಯಜಮಾನ.

ಇಷ್ಟೆಲ್ಲ ದೋಸೆಯ ತೂತಾಯಿತು. ಗಾದೆಯ ಉತ್ತರಾರ್ಧವನ್ನು ನಾವು ನಗುತ್ತಾ ಹೇಳುವುದುಂಟು, ನಮ್ಮ ಮನೆಯಲ್ಲಿ ಕಾವಲಿಯೇ ತೂತು ಎಂದು. ಹಾದರ, ಕುಡಿತ, ಒಂಟಿತನ, ಸೋಫಾ, ಇವೆಲ್ಲ ಒಂದೊಂದು ಮನೆಯ ತೂತು. ಕಾವಲಿ ಯಾವುದು?

ಲೆವಿಟ್‌ನ ಕರಾರಿನ ಆ ಷರತ್ತು ಹೀಗಿತ್ತು: ಈ ಮನೆಯಲ್ಲಿ ಬಿಳಿಯರಲ್ಲದವರು ವಾಸಿಸಕೂಡದು. ಜೊತೆಗೇ ಒಂದು ವಿನಾಯಿತಿ: ಬಿಳಿಯರಲ್ಲದವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಹುದು. ಲೆವಿಟ್ ಸ್ವತಃ ಯಹೂದಿ, ರಬ್ಬಿಯೊಬ್ಬರ ಮೊಮ್ಮಗ. ತನಗೇನೂ ಭೇದವಿಲ್ಲ, ಕರಿಯರಿಗೆ ಒಂದು ಮನೆ ಮಾರಿದರೆ ಬಿಳಿಯರು ಕೊಳ್ಳುವುದಿಲ್ಲವಲ್ಲ ಎಂಬುದು ಅವನ ವಾದ. ಅವನೊಬ್ಬನದೇ ತಪ್ಪೂ ಅಲ್ಲ, ಸಾಲಕ್ಕೆ ಭರವಸೆ ನೀಡುತ್ತಿದ್ದ ಸರ್ಕಾರದ ಸಂಸ್ಥೆಗೇ ಇಂಥ ಷರತ್ತುಗಳು ಇಷ್ಟವಾಗಿದ್ದವು. ಇವನ್ನು ಕೋರ್ಟುಗಳು ಜಾರಿಗೊಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1948ರಲ್ಲಿ ಹೇಳಿತು. ಮನೆ ಮಾರುವಾಗ ಬಣ್ಣ ನೋಡುವುದೇ ಕಾನೂನಿಗೆ ವಿರುದ್ಧವಾಗಲು 1968 ಬರಬೇಕಾಯಿತು. ಎಷ್ಟೋ ಹಳೆಯ ಕ್ರಯಪತ್ರಗಳಲ್ಲಿ ಆ ಸಾಲು ಜೀವವಿಲ್ಲದೆ ಇನ್ನೂ ಕೂತಿದೆ. ಕ್ಯಾಮೆರಾ ಹುಲ್ಲಿನ ಬುಡಕ್ಕೆ ಇಳಿದು ಜೀರುಂಡೆ ಕಂಡಿತು. ಇನ್ನೂ ಒಂದು ಗೇಣು ಇಳಿದಿದ್ದರೆ ಈ ಕಾಗದ ಸಿಗುತ್ತಿತ್ತು.

‘ಪೋಲ್ಟರ್‌ಗೈಸ್ಟ್’ (1982) ಎಂಬ ದೆವ್ವದ ಚಿತ್ರಕ್ಕೆ ಅರ್ಧ ಗೊತ್ತಿತ್ತು. ಅಲ್ಲಿ ಸ್ಮಶಾನದ ಮೇಲೆ ಬಡಾವಣೆ ಕಟ್ಟಿದ ಕಂಪನಿ ಸಮಾಧಿಯ ಕಲ್ಲುಗಳನ್ನಷ್ಟೇ ಸಾಗಿಸಿ ಹೆಣಗಳನ್ನು ಅಲ್ಲೇ ಬಿಟ್ಟಿದೆ. ಕಲ್ಲು ತೆಗೆದು ಹೆಣ ಬಿಡುವುದು, ಇದಕ್ಕಿಂತ ಒಳ್ಳೆಯ ರೂಪಕ ಬೇಕೇ? ಆದರೆ ಚಿತ್ರ ಅಲ್ಲಿಗೇ ಕಿರುಚಾಟಕ್ಕೆ ಬಿದ್ದುಬಿಡುತ್ತದೆ.

ಪೆನ್ಸಿಲ್ವೇನಿಯಾದಲ್ಲಿ ಲೆವಿಟ್ ಕಟ್ಟಿದ ಎರಡನೇ ಊರಿಗೆ 1957ರ ಆಗಸ್ಟಿನಲ್ಲಿ ವಿಲಿಯಂ ಮತ್ತು ಡೇಸಿ ಮೈಯರ್ಸ್ ಎಂಬ ಕರಿಯ ದಂಪತಿ ಮಕ್ಕಳೊಂದಿಗೆ ಬಂದಿಳಿದರು. ಮನೆಯ ಮುಂದೆ ರಾತ್ರಿ ರಾತ್ರಿ ನೂರಾರು ಜನ ಸೇರಿದರು. ಕಿಟಕಿಗೆ ಕಲ್ಲು ಬಿತ್ತು. ಕೊನೆಗೆ ರಾಜ್ಯದ ಪೊಲೀಸರು ಬರಬೇಕಾಯಿತು. ಯಾರೂ ಕೂರದ ಆ ಹುಲ್ಲಿನ ಮೇಲೆ ಜನ ಬಂದು ನಿಂತದ್ದು ಅಂಥ ಕೆಲಸಕ್ಕೆ. ಈ ಘಟನೆಯನ್ನು ಜಾರ್ಜ್ ಕ್ಲೂನಿ 2017ರಲ್ಲಿ ‘ಸಬರ್ಬಿಕಾನ್’ ಚಿತ್ರಕ್ಕೆ ತಂದ. ತಂದು ಏನು ಮಾಡಿದ? ಕಥೆಯನ್ನು ಪಕ್ಕದ ಮನೆಯ ಬಿಳಿಯನ ಕೊಲೆ, ವಿಮೆ ಹಣದ ಸುತ್ತ ಕಟ್ಟಿ, ಕರಿಯ ಕುಟುಂಬವನ್ನು ಕಿಟಕಿಯಾಚೆ ನಿಲ್ಲಿಸಿದ. ಅವರಿಗೆ ಆಡಲು ಮಾತೇ ಹೆಚ್ಚಿಲ್ಲ. ಬಡಾವಣೆಯಿಂದ ಹೊರಗಿಟ್ಟದ್ದನ್ನು ಖಂಡಿಸುವ ಸಿನಿಮಾ ಅವರನ್ನು ಸಿನಿಮಾದಿಂದಲೂ ಹೊರಗಿಟ್ಟಿತು. ದುರುದ್ದೇಶದಿಂದಲ್ಲ, ಅದೇ ವ್ಯಾಕರಣದ ಚಾಳಿಯಿಂದ. ಕತ್ತಲು ಎಂದರೆ ಮನೆಯೊಳಗಿನ ಪಾಪ ಎಂದು ಕಲಿತ ಕಣ್ಣಿಗೆ ಬಾಗಿಲಾಚೆ ಏನಿದ್ದರೂ ಬರಿಯ ಹಿನ್ನೆಲೆ.

ಇದಕ್ಕೆ ಎದುರಾಗಿ ಹಳೆಯದೊಂದನ್ನು ಇಡಬೇಕು. ಲೊರೇನ್ ಹ್ಯಾನ್ಸ್‌ಬೆರಿಯ ನಾಟಕದಿಂದ 1961ರಲ್ಲಿ ಬಂದ ‘ಎ ರೈಸಿನ್ ಇನ್ ದಿ ಸನ್’. ಷಿಕಾಗೋದ ಇಕ್ಕಟ್ಟಿನ ಮನೆಯ ಕರಿಯ ಕುಟುಂಬ ಬಿಳಿಯರ ಕೇರಿಯಲ್ಲಿ ಮನೆ ಕೊಂಡಿದೆ. ಆ ಕೇರಿಯಿಂದ ಒಬ್ಬ ಬರುತ್ತಾನೆ, ಬಲು ವಿನಯವಂತ, ಬರಬೇಡಿ, ಬದಲಿಗೆ ಹಣ ಕೊಡುತ್ತೇವೆ ಎನ್ನುತ್ತಾನೆ. ಹ್ಯಾನ್ಸ್‌ಬೆರಿಗೆ ಇದು ಕಲ್ಪನೆಯಲ್ಲ. ಅವಳ ತಂದೆ ಇಂಥದೇ ಷರತ್ತಿನ ವಿರುದ್ಧ ಹೋರಾಡಿ 1940ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದವರು. ಕುಟುಂಬ ಸಾಮಾನು ಕಟ್ಟಿ ಹೊರಡುವಲ್ಲಿಗೆ ಚಿತ್ರ ಮುಗಿಯುತ್ತದೆ. ತಾಯಿಯ ಕೈಯಲ್ಲಿ ಬಿಸಿಲು ಕಾಣದೆ ಸೊರಗಿದ ಒಂದು ಕುಂಡದ ಗಿಡ. ಉಳಿದವರ ಸಿನಿಮಾಗಳು ಎಲ್ಲಿ ಶುರುವಾಗುತ್ತವೋ ಅಲ್ಲಿ ಇವರದು ಮುಗಿಯುತ್ತದೆ. ಆ ಹೊಸ ಮನೆಯೊಳಗೆ ಬೇಸರಪಡುವ ಭಾಗ್ಯವೂ ಒಂದು ಭಾಗ್ಯವೇ.

ಸರ್ಕ್‌ನ ತೋಟಗಾರನ ಕಥೆಯನ್ನು ಟಾಡ್ ಹೇನ್ಸ್ 2002ರಲ್ಲಿ ‘ಫಾರ್ ಫ್ರಂ ಹೆವನ್’ ಎಂದು ಮತ್ತೆ ಹೇಳಿದ. ಈ ಸಲ ತೋಟಗಾರ ಕರಿಯ. ಹುಲ್ಲು, ಗಿಡ ನೋಡಿಕೊಳ್ಳಲು ಬರಬಹುದು, ಮನೆಯೊಡತಿಯ ಜೊತೆ ಬೀದಿಯಲ್ಲಿ ಮಾತಾಡುವಂತಿಲ್ಲ. ಲೆವಿಟ್‌ನ ವಿನಾಯಿತಿಯೇ ಮನುಷ್ಯರೂಪದಲ್ಲಿ ನಿಂತಂತೆ. ಬೆಲೆ ತೆರುವುದು ಅವನ ಮಗಳು, ಹುಡುಗರು ಅವಳಿಗೆ ಕಲ್ಲು ಹೊಡೆಯುತ್ತಾರೆ.

ಜೋರ್ಡನ್ ಪೀಲ್ 2017ರಲ್ಲಿ ಆ ವಿನಾಯಿತಿಯನ್ನು ಕೊನೆಯವರೆಗೂ ಎಳೆದ. ‘ಗೆಟ್ ಔಟ್’ ಚಿತ್ರದಲ್ಲಿ ಸಭ್ಯ ಬಿಳಿಯರ ಮನೆಯ ಕರಿಯ ಕೆಲಸಗಾರರು ವಿಚಿತ್ರವಾಗಿ ನಗುತ್ತಾರೆ, ವಿಚಿತ್ರವಾಗಿ ನಿಲ್ಲುತ್ತಾರೆ. ಆ ಮೈಗಳೊಳಗೆ ಮನೆಯ ಅಜ್ಜ ಅಜ್ಜಿಯರ ಮಿದುಳನ್ನು ಕೂರಿಸಲಾಗಿದೆ ಎಂದು ಆಮೇಲೆ ತಿಳಿಯುತ್ತದೆ. ಮೈಯನ್ನು ಮನೆಯೆಂದೂ ಒಳಗಿರುವವನನ್ನು ಒಡೆಯನೆಂದೂ ಭಾವಿಸುವ ಮಾತು ನಮ್ಮಲ್ಲಿ ಭಕ್ತಿಯದು. ಪೀಲ್ ಅದನ್ನೇ ಅರಿಯದೆ ತಿರುಗಿಸಿದ್ದಾನೆ: ಮೈ ಒಬ್ಬನದು, ಒಳಗೆ ಕೂತ ಒಡೆಯ ಇನ್ನೊಬ್ಬ, ಮೈಯ ನಿಜವಾದ ಹಕ್ಕುದಾರ ಎಲ್ಲೋ ಆಳದಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದಾನೆ. ಇಷ್ಟು ವರ್ಷ ಬಿಳಿಯ ಗಂಡಸರು ತಮ್ಮ ಮನೆಯಲ್ಲಿ ತಾವಿಲ್ಲವೆಂದು ಅತ್ತದ್ದು ಈ ಚಿತ್ರದ ಮುಂದೆ ಸಪ್ಪೆಯಾಗಿ ಕಂಡಿತು ನನಗೆ.

ಆ ಚಿತ್ರ ತೆರೆದುಕೊಳ್ಳುವುದು ರಾತ್ರಿಯ ಸಬರ್ಬ್ ಬೀದಿಯಲ್ಲಿ. ಒಬ್ಬ ಕರಿಯ ಯುವಕ ಫೋನಿನಲ್ಲಿ ಮಾತಾಡುತ್ತಾ ವಿಳಾಸ ಹುಡುಕುತ್ತಿದ್ದಾನೆ, ಎಲ್ಲ ಬೀದಿಗಳೂ ಒಂದೇ ಥರ. ಬಿಳಿ ಕಾರೊಂದು ಅವನನ್ನು ದಾಟಿ ಹೋಗಿ, ತಿರುಗಿ, ಹಿಂದೆಯೇ ನಿಧಾನಕ್ಕೆ ಬರುತ್ತದೆ. ಹುಲ್ಲು ಅದೇ, ದೀಪ ಅದೇ. ಮನೆಯೊಳಗಿನಿಂದ ನೋಡಿದರೆ ಬಿಳಿ ಬೇಲಿ, ಬೀದಿಯಿಂದ ನೋಡಿದರೆ ಕಾರಿನ ದೀಪ.

‘ಅಪ್ಪ, ಕತ್ತಲಾದ ಮೇಲೆ ವಾಕಿಂಗ್ ಬೇಡ’ ಎಂದು ಮಗಳು ಮೊದಲ ವಾರವೇ ಹೇಳಿದ್ದಳು. ಕಾರಣ ಕೇಳಿದರೆ ಚಳಿ ಎಂದಳು. ಅಳಿಯ ಆಮೇಲೆ ಹೇಳಿದ: 2015ರ ಫೆಬ್ರವರಿಯಲ್ಲಿ ಅಲಬಾಮಾದಲ್ಲಿ, ಮಗನ ಮನೆಗೆಂದು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜನೊಬ್ಬ ಬೆಳಿಗ್ಗೆ ಬಡಾವಣೆಯಲ್ಲಿ ನಡೆಯುತ್ತಿದ್ದಾಗ, ಯಾರೋ ಕರಿಯ ಓಡಾಡುತ್ತಿದ್ದಾನೆ ಎಂದು ನೆರೆಯವರೊಬ್ಬರು ಪೊಲೀಸರಿಗೆ ಫೋನ್ ಮಾಡಿದ್ದರು. ಅಜ್ಜನಿಗೆ ಇಂಗ್ಲಿಷ್ ಬಾರದು. ಪೊಲೀಸನೊಬ್ಬ ಅವರನ್ನು ನೆಲಕ್ಕೆ ಅಪ್ಪಳಿಸಿದ, ಬೆನ್ನುಹುರಿಗೆ ಪೆಟ್ಟಾಯಿತು. ಕತ್ತಲೂ ಆಗಿರಲಿಲ್ಲ.

ವಾಪಸು ಬರುವ ಮುಂಚಿನ ವಾರ, ಮುಸ್ಸಂಜೆ ಹೊತ್ತು, ನಾನು ಸ್ವೆಟರಿನ ಮೇಲೊಂದು ಶಾಲು ಹೊದ್ದು ನಡೆಯುತ್ತಿದ್ದೆ. ಹಿಂದೆ ಕಾರಿನ ವೇಗ ತಗ್ಗಿದ್ದು ಕೇಳಿಸಿತು. ಪಕ್ಕಕ್ಕೆ ಬಂದು ನಿಂತಿತು. ಕಿಟಕಿ ಇಳಿಯಿತು. ನನ್ನ ವಯಸ್ಸಿನವಳೇ ಇರಬೇಕು, ಬಿಳಿಯ ಹೆಂಗಸು. ಎಲ್ಲ ಸರಿಯಿದೆಯೇ, ದಾರಿ ತಪ್ಪಿತೇ ಎಂದು ಕೇಳಿದಳು. ದನಿ ಮೃದುವಾಗಿತ್ತು. ‘ಡಾಟರ್ಸ್ ಹೌಸ್’ ಎಂದು ಕೈ ತೋರಿಸಿದೆ. ತೋರಿಸಿದ ಮೇಲೆ ನನಗೇ ಅನುಮಾನ, ನಾಲ್ಕು ಮನೆಗಳಿಗೂ ಒಂದೇ ಗ್ಯಾರೇಜು, ಒಂದೇ ಬಾಗಿಲು, ಒಂದೇ ಹುಲ್ಲು. ಬೆರಳನ್ನು ಸ್ವಲ್ಪ ಬಲಕ್ಕೆ ಸರಿಸಿದೆ. ಅವಳು ತಲೆಯಾಡಿಸಿದಳು, ಕಾರು ಮಾತ್ರ ಹೊರಡಲಿಲ್ಲ. ನಾನು ನಡೆದು ಹೋಗಿ, ಗಂಟೆ ಒತ್ತಿ, ಬಾಗಿಲು ತೆರೆಯುವವರೆಗೂ ಅದರ ದೀಪ ನನ್ನ ಬೆನ್ನ ಮೇಲಿತ್ತು.

‘ಯಾರಪ್ಪಾ ಅದು ಕಾರಲ್ಲಿ?’ ಎಂದಳು ಮಗಳು.

‘ಗೊತ್ತಿಲ್ಲಮ್ಮ. ನಾನು ಒಳಗೆ ಬಂದೆನೋ ಇಲ್ವೋ ಅಂತ ನೋಡ್ತಿದ್ರು.’

ಅವಳು ನನ್ನ ಭುಜದಾಚೆ ಬೀದಿಯನ್ನೇ ನೋಡುತ್ತಾ, ಆ ಕಡೆಗೆ ಕೈಬೀಸಿ, ಬಾಗಿಲು ಹಾಕಿದಳು.